ದೆಹಲಿಯಲ್ಲಿ ಆಂಡ್ರ್ಯೂಸರ ಶ್ರದ್ಧಾಸಂಕಟ

ದೀನಬಂಧು ಸಿ. ಎಫ್. ಆಂಡ್ರ್ಯೂಸರು ಕೇಂಬ್ರಿಜ್ ಮಿಷನ್ನಿನ ಪಾದ್ರಿಗಳಾಗಿ ದೆಹಲಿಗೆ ಬಂದದ್ದು 1904ರಲ್ಲಿ. ಆಗ ಕಾಶ್ಮೀರಿ ಗೇಟಿನಲ್ಲಿದ್ದ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಅವರು ಅಧ್ಯಾಪಕರು. ಹತ್ತು ವರ್ಷಗಳ ತರುವಾಯ ಮಿಷನ್ನನ್ನೂ ಪಾದ್ರಿಯ ಕರ್ತವ್ಯವನ್ನೂ ತೊರೆದು ಶಾಂತಿನಿಕೇತನವನ್ನು ಸೇರಿದರು.

ಅವರನ್ನು ಬಹುವಾಗಿ ಬಾಧಿಸಿದ್ದು ಅಥನೇಸಿಯಸನ ಹೆಸರಿನಲ್ಲಿರುವ ವಿಶ್ವಾಸಪ್ರಮಾಣ. ತ್ರಿಯೇಕ ದೇವರ ತತ್ತ್ವವನ್ನು ನಿರೂಪಿಸುವ ಈ ಪಾಠವು ಅದನ್ನು ನಂಬದವನಿಗೆ ನಿತ್ಯನಾಶವನ್ನು ವಿಧಿಸುತ್ತದೆ. ಆಂಗ್ಲಿಕನ್ ಪ್ರಾರ್ಥನಾಗ್ರಂಥದಂತೆ ಗೊತ್ತಾದ ಹಬ್ಬಗಳಂದು ಅದನ್ನು ಆಗ ಪಠಿಸಲೇಬೇಕಾಗಿತ್ತು. ದೆಹಲಿಯಲ್ಲಿ ಆಂಡ್ರ್ಯೂಸರ ಆಪ್ತರಲ್ಲಿ ಇತಿಹಾಸಕಾರ ಮುನ್ಷಿ ಝಕಾವುಲ್ಲಾ ಒಬ್ಬರು. 1910ರಲ್ಲಿ ತೀರಿಕೊಂಡ ಆ ವೃದ್ಧರ ಚರಿತ್ರೆಯನ್ನು ಆಂಡ್ರ್ಯೂಸರೇ 1929ರಲ್ಲಿ ಪ್ರಕಟಿಸಿದರು. ಅಂತಹ ಸಾಧುಪುರುಷರು ಮುಸಲ್ಮಾನರಾದ ಮಾತ್ರಕ್ಕೆ ನಾಶಕ್ಕೆ ಗುರಿಯೆಂದು ದೇವಾಲಯದಲ್ಲಿ ನಿಂತು ನುಡಿಯುವುದೆಂತು? ಕನ್ಯಾಜನನ, ಪುನರುತ್ಥಾನಗಳ ವಿಷಯದಲ್ಲಿಯೂ ಅವರಿಗೆ ಸಂದೇಹಗಳಿದ್ದವು. ಆದರೆ ಗ್ರಂಥವ್ಯಾಸಂಗದಿಂದ ಹುಟ್ಟಿದ ಸಂದೇಹಕ್ಕಿಂತ ಸ್ನೇಹದಿಂದ ಹುಟ್ಟಿದ್ದೇ ತೀವ್ರವಾಗಿದ್ದಿರಬೇಕು.

ಇದು ಅಜ್ಞೇಯವಾದವೇ? 1869ರಲ್ಲಿ ಹಕ್ಸ್‌ಲಿಯು ಆ ಹೆಸರನ್ನು ಕಲ್ಪಿಸಿದ್ದು, ಪ್ರಮಾಣವಿಲ್ಲದ್ದನ್ನು ತಿಳಿದಿದ್ದೇನೆಂದು ಹೇಳಬಾರದೆಂಬ ನಿಲುವಿಗೆ. ಮನಸ್ಸು ಒಪ್ಪದುದನ್ನು ಬಾಯಿ ನುಡಿಯಬಾರದೆಂಬಲ್ಲಿ ಇಬ್ಬರೂ ಒಂದೇ. ಆದರೆ ಆಂಡ್ರ್ಯೂಸರು ಪ್ರಾರ್ಥನೆಯನ್ನು ಬಿಡಲಿಲ್ಲ. 1914ರ ಜನವರಿಯಲ್ಲಿ, ಅವರು ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರೊಡನೆ ಇದ್ದಾಗ, ದೂರದ ಇಂಗ್ಲೆಂಡಿನಲ್ಲಿ ತಾಯಿ ತೀರಿಕೊಂಡರು. ಮರಳಿ ಕಾಣುವ ಆಸೆ ಕೈಗೂಡಲಿಲ್ಲ. ಆ ದುಃಖವೂ ಅವರನ್ನು ಕ್ರಿಸ್ತನಿಂದ ದೂರಮಾಡಲಿಲ್ಲ. ಕ್ರಿಸ್ತನಿಗೆ ತಮ್ಮ ಋಣವನ್ನು ಕುರಿತ ಗ್ರಂಥವನ್ನು 1932ರಲ್ಲಿ ಹೊರತಂದರು; ಆ ದಶಕದಲ್ಲಿಯೇ ಪಾದ್ರಿಯ ಕರ್ತವ್ಯಕ್ಕೂ ಮರಳಿದರು.