ಹಣ ಸರ್ಕಾರದ್ದು, ಯೋಜನೆ ಕಲಾವಿದರದ್ದು

ಕೇಪ್‌ಟೌನ್ ನಗರದಲ್ಲಿ 1971ರಲ್ಲಿ ನಿಕೊ ಮಲಾನ್ ಎಂಬ ಭಾರೀ ರಂಗಮಂದಿರವೊಂದು ಬಾಗಿಲು ತೆರೆಯಿತು. ಆಪೆರಾ, ಬ್ಯಾಲೆ, ನಾಟಕ ಎಲ್ಲಕ್ಕೂ ಅಲ್ಲಿ ಅನುಕೂಲವಿತ್ತು. ಕಟ್ಟಿದ್ದು ಸಾರ್ವಜನಿಕರ ಹಣದಲ್ಲಿ. ಪ್ರವೇಶ ಮಾತ್ರ ಬಿಳಿಯರಿಗೆ. ಉಳಿದವರು ಟಿಕೀಟು ಕೊಂಡು ಒಳಗೆ ಕೂರಲು 1975 ಬರಬೇಕಾಯಿತು.

ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಲ್ಲಿ ಸರ್ಕಾರದ ಕಲಾಪೋಷಣೆ ಎಂದರೆ ಇಷ್ಟೇ. ನಾಲ್ಕು ಪ್ರಾಂತಗಳಿಗೆ ನಾಲ್ಕು ಪ್ರದರ್ಶನ ಕಲಾ ಮಂಡಳಿಗಳಿದ್ದವು. ಸಂಸ್ಕೃತಿಗೆಂದು ತೆಗೆದಿಟ್ಟ ಹಣದ ದೊಡ್ಡ ಪಾಲು ಇವುಗಳ ವಾದ್ಯವೃಂದ, ಬ್ಯಾಲೆ ತಂಡಗಳಿಗೇ ಹೋಗುತ್ತಿತ್ತು. ಇತ್ತ ಗಿಬ್ಸನ್ ಕೆಂಟೆಯಂಥವರು ನಮ್ಮ ಕಂಪನಿ ನಾಟಕದವರ ಹಾಗೆ ತಂಡ ಕಟ್ಟಿಕೊಂಡು, ಕಪ್ಪು ಜನರ ಬಡಾವಣೆಗಳ ಸಭಾಭವನಗಳಲ್ಲಿ ಸಂಗೀತ ನಾಟಕ ಆಡುತ್ತ ತಿರುಗುತ್ತಿದ್ದರು. ಪ್ರೇಕ್ಷಕರ ದುಡ್ಡೇ ಅವರಿಗೆ ಆಧಾರ. ಸರ್ಕಾರದಿಂದ ಸಿಕ್ಕಿದ್ದೆಂದರೆ ಸೆನ್ಸಾರು. 1976ರಲ್ಲಿ ಕೆಂಟೆಯವರಿಗೆ ಬಂಧನವೂ ಆಯಿತು. ಅದೇ ವರ್ಷ ಜೊಹಾನ್ಸ್‌ಬರ್ಗಿನ ನ್ಯೂಟೌನ್‌ನಲ್ಲಿ, ಹಿಂದೆ ಭಾರತೀಯ ವ್ಯಾಪಾರಿಗಳ ಹಣ್ಣಿನ ಮಾರುಕಟ್ಟೆಯಾಗಿದ್ದ ಕಟ್ಟಡದಲ್ಲಿ ಮಾರ್ಕೆಟ್ ಥಿಯೇಟರ್ ಶುರುವಾಯಿತು. ಸರ್ಕಾರದ ನೆರವಿಲ್ಲದೆ ಕಪ್ಪು-ಬಿಳಿ ನಟರು ಒಟ್ಟಿಗೆ ಅಲ್ಲಿ ಬಣ್ಣ ಹಚ್ಚಿದರು.

ಇಂಥ ದೇಶದ ಕಲಾವಿದರು, ಮುಂದೆ ಬರಲಿರುವ ಸ್ವತಂತ್ರ ಸರ್ಕಾರಕ್ಕೆ ಸಂಸ್ಕೃತಿ ನೀತಿ ಹೇಗಿರಬೇಕೆಂದು ತಾವೇ ಕೂತು ಬರೆಯಲು ಹೊರಟರು. ಅಧಿಕಾರ ಕೈಗೆ ಬರುವ ಮೊದಲೇ! ಹೀಗೆ ನಡೆದ ದೇಶಗಳು ಹೆಚ್ಚಿಲ್ಲ.

ಬೀಜ ಬಿದ್ದದ್ದು ದೇಶದ ಹೊರಗೆ. ಪಕ್ಕದ ಬೋಟ್ಸ್‌ವಾನದ ಗ್ಯಾಬರೋನ್‌ನಲ್ಲಿದ್ದ ಮೆಡು ಎಂಬ ಕಲಾಬಳಗ 1982ರಲ್ಲಿ ಸಂಸ್ಕೃತಿ ಮತ್ತು ಪ್ರತಿರೋಧದ ಬಗ್ಗೆ ದೊಡ್ಡ ಸಮ್ಮೇಳನ ನಡೆಸಿತು. ಬಳಗದ ಚಿತ್ರಕಾರ ಥಾಮಿ ಮ್ನ್ಯೆಲೆ ಅವರನ್ನು 1985ರ ಜೂನ್ 14ರಂದು ದಕ್ಷಿಣ ಆಫ್ರಿಕದ ಸೈನಿಕರು ಗಡಿ ದಾಟಿ ಬಂದು ಕೊಂದರು. 1987ರಲ್ಲಿ ಆಮ್ಸ್‌ಟರ್‌ಡ್ಯಾಮ್‌ನಲ್ಲಿ ಮತ್ತೆ ಸಮ್ಮೇಳನ. ಕಲೆ ಹೋರಾಟದ ಆಯುಧ ಎಂಬುದು ಆಗ ಎಲ್ಲರ ಬಾಯಲ್ಲಿದ್ದ ಮಾತು.

ಆ ಮಾತನ್ನು ಕೆದಕಿದವರು ಹೋರಾಟದ ಒಳಗಿನವರೇ ಆದ ಆಲ್ಬಿ ಸ್ಯಾಕ್ಸ್. 1988ರಲ್ಲಿ ಮಪುಟೊ ನಗರದಲ್ಲಿ ಕಾರು ಬಾಂಬಿಗೆ ಬಲಗೈಯನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ಕಳೆದುಕೊಂಡ ವಕೀಲ ಇವರು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಗೋಷ್ಠಿಗಾಗಿ 1989ರಲ್ಲಿ ಬರೆದ ಪ್ರಬಂಧದಲ್ಲಿ, ಕಲೆ ಆಯುಧ ಎನ್ನುವುದನ್ನು ಕೆಲ ಕಾಲ ನಿಲ್ಲಿಸೋಣ ಎಂದರು. ದೊಡ್ಡ ಜಗಳವೇ ಎದ್ದಿತು. ಅದರ ಹಿಂದಿದ್ದ ಪ್ರಶ್ನೆ ಸಣ್ಣದಲ್ಲ: ನಾಳೆ ನಮ್ಮದೇ ಸರ್ಕಾರ ಬಂದಾಗ ಆ ಆಯುಧ ಯಾರ ಕೈಯಲ್ಲಿರುತ್ತದೆ?

ನೆಲ್ಸನ್ ಮಂಡೇಲಾ ಬಿಡುಗಡೆಯಾಗಿ, ರಾಜಕೀಯ ಮಾತುಕತೆಗಳು ಇನ್ನೂ ನಡೆಯುತ್ತಿದ್ದಾಗಲೇ, 1992ರ ಡಿಸೆಂಬರಿನಲ್ಲಿ ಕಲಾವಿದರು ಜೊಹಾನ್ಸ್‌ಬರ್ಗಿನಲ್ಲಿ ಸೇರಿದರು. ಬಡಾವಣೆಯ ಕಲಾಕೇಂದ್ರದವರೂ ಇದ್ದರು, ಲೇಖಕರೂ ಇದ್ದರು. ರಾಷ್ಟ್ರೀಯ ಕಲಾ ಉಪಕ್ರಮ ಎಂಬ ಸಂಘಟನೆ ಹುಟ್ಟಿತು. ಮುಂದೆ ಅದೇ ರಾಷ್ಟ್ರೀಯ ಕಲಾ ಒಕ್ಕೂಟವಾಯಿತು. ಕತೆಗಾರ ಎನ್‌ಜಬುಲೊ ಎನ್‌ಡೆಬೆಲೆ ಅಧ್ಯಕ್ಷರು. ನಾಟಕಕಾರ ಮೈಕ್ ವಾನ್ ಗ್ರಾನ್ ಕಾರ್ಯದರ್ಶಿ. ಯಾವ ಪಕ್ಷದ ಬಾಲವೂ ಆಗಬಾರದೆಂಬುದು ಇವರ ಹಟ. ವಿಮೋಚನಾ ಚಳವಳಿಯಲ್ಲಿ ಕೆಲವರಿಗೆ ಇದರಿಂದ ಅನುಮಾನ ಹುಟ್ಟಿದ್ದು ಸಹಜ. ನಮ್ಮವರೇ ಗೆಲ್ಲುವಾಗ ಹೊರಗೆ ನಿಲ್ಲುವುದೇಕೆ?

ಇವರ ಬೇಡಿಕೆಯ ತಿರುಳು ಸರಳ. ಕಲೆಗೆ ಹಣ ಕೊಡುವುದು ಸರ್ಕಾರದ ಕರ್ತವ್ಯ. ಯಾರಿಗೆ, ಯಾವ ಕೆಲಸಕ್ಕೆ ಎಂದು ತೀರ್ಮಾನಿಸುವುದು ಮಂತ್ರಿಯ ಕೆಲಸವಲ್ಲ. ಸಾರ್ವಜನಿಕರು ಸೂಚಿಸಿದ ಹೆಸರುಗಳಿಂದ ಆರಿಸಿದ ಸ್ವತಂತ್ರ ಮಂಡಳಿಯೊಂದರ ಕೆಲಸ.

1994ರ ಚುನಾವಣೆಯ ನಂತರ ಸಂಸ್ಕೃತಿ ಖಾತೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿಗೆ ಸಿಗಲಿಲ್ಲ. ಇಂಕಾಥಾ ಪಕ್ಷದ ಬೆನ್ ಎನ್‌ಗುಬಾನೆ ಅವರ ಪಾಲಾಯಿತು. ಹೊರಗೆ ನಿಂತು ಯೋಜನೆ ಬರೆದಿದ್ದವರ ಎಚ್ಚರಿಕೆ ಆಗ ಫಲ ಕೊಟ್ಟಿತು: ಅದು ಯಾವ ಪಕ್ಷದ್ದೂ ಆಗಿರಲಿಲ್ಲ, ಹೀಗಾಗಿ ಯಾರು ಬೇಕಾದರೂ ಕೈಗೆತ್ತಿಕೊಳ್ಳಬಹುದಿತ್ತು. ಕಾರ್ಯಪಡೆ ನೇಮಕವಾಯಿತು; ಲೇಖಕ ಆಂಡ್ರೀಸ್ ಆಲಿಫಂಟ್ ಅದರ ಅಧ್ಯಕ್ಷರು. ಅದು ಜನರ ಅಭಿಪ್ರಾಯ ಕೇಳಿ 1995ರಲ್ಲಿ ವರದಿ ಕೊಟ್ಟಿತು. 1996ರಲ್ಲಿ ಶ್ವೇತಪತ್ರ, 1997ರಲ್ಲಿ ರಾಷ್ಟ್ರೀಯ ಕಲಾ ಮಂಡಳಿ ಕಾಯಿದೆ. ಹೊಸ ಸಂವಿಧಾನದ ಹಕ್ಕುಗಳ ಪಟ್ಟಿಯಲ್ಲಿ ಕಲಾಸೃಷ್ಟಿಯ ಸ್ವಾತಂತ್ರ್ಯವನ್ನು ಹೆಸರೆತ್ತಿ ಬರೆಯಲಾಯಿತು.

ಹಳೆಯ ನಾಲ್ಕು ಮಂಡಳಿಗಳ ಅನುದಾನ ಕರಗಿತು, ಅವುಗಳ ತಂಡಗಳೂ ಚದುರಿದವು. ಪ್ರಿಟೋರಿಯದ ಸ್ಟೇಟ್ ಥಿಯೇಟರನ್ನು 2000ದಲ್ಲಿ ಮುಚ್ಚಿ, ಆಮೇಲೆ ತೆರೆದರು. ಬ್ಯಾಲೆಯವರ ನಷ್ಟ ಬಡಾವಣೆಯವರ ಲಾಭವಾಯಿತೇ? ಎಲ್ಲ ಕಡೆಯೂ ಹಾಗೇನೂ ಆಗಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಸದ್ದಿಲ್ಲದೆ. ಕಾಯಿದೆ ಬಂದ ಮೇಲೆ ಗೆದ್ದೆವೆಂಬ ಭಾವನೆ ಮೂಡಿತು. ಸಂಘಟನೆಯ ಅನುಭವಿಗಳು ಸರ್ಕಾರದ ಸಲಹೆಗಾರರಾದರು, ಹೊಸ ಸಂಸ್ಥೆಗಳ ಕುರ್ಚಿಗಳಿಗೆ ಹೋದರು. ವಾನ್ ಗ್ರಾನ್ ಕೂಡ ಮಂತ್ರಿಯ ಸಲಹೆಗಾರರಾಗಿದ್ದವರೇ. ಒಕ್ಕೂಟ ಸೊರಗಿತು. ಹೊರಗೆ ನಿಂತು ಕಾಯುವವರಿಲ್ಲವಾದರು. 2001ರ ತಿದ್ದುಪಡಿ ಮಂಡಳಿಯ ಅಧ್ಯಕ್ಷರನ್ನು ನೇಮಿಸುವ ಅಧಿಕಾರವನ್ನು ಮಂತ್ರಿಗೇ ಕೊಟ್ಟಿತು. ಯಾವುದನ್ನು ತಡೆಯಲು ಇಷ್ಟೆಲ್ಲ ಬರೆದರೋ ಅದು ಹಿಂಬಾಗಿಲಿನಿಂದ ಒಳಗೆ ಬಂದಿತ್ತು. ವಾನ್ ಗ್ರಾನ್ ಮುಂದೆ ಸರ್ಕಾರದ ಕಲಾನೀತಿಯ ಕಟು ಟೀಕಾಕಾರರಲ್ಲಿ ಒಬ್ಬರಾದರು.

ಕೊರೋನಾ ಕಾಲದಲ್ಲಿ ಕೆಲಸವಿಲ್ಲದೆ ಕೂತ ಕಲಾವಿದರಿಗೆಂದು ಸರ್ಕಾರ 30 ಕೋಟಿ ರ್‍ಯಾಂಡ್ ಹಣವನ್ನು ಕಲಾ ಮಂಡಳಿಗೆ ಕೊಟ್ಟಿತು. ಮಂಡಳಿ ಕೈಯಲ್ಲಿದ್ದುದಕ್ಕಿಂತ ಹೆಚ್ಚು ಮೊತ್ತಕ್ಕೆ ಮಾತು ಕೊಟ್ಟು, ಆಮೇಲೆ ಒಪ್ಪಂದದ ಮೊತ್ತಗಳನ್ನು ಇಳಿಸಲು ಹೊರಟಿತು. 2021ರ ಮಾರ್ಚಿನಲ್ಲಿ ಆಪೆರಾ ಗಾಯಕಿ ಸಿಬೊಂಗಿಲೆ ಮ್ನ್ಗೋಮಾ ಅವರ ಮುಂದಾಳತ್ವದಲ್ಲಿ ಕಲಾವಿದರು ಮಂಡಳಿಯ ಕಚೇರಿಗೆ ಹೋಗಿ ಕೂತುಬಿಟ್ಟರು. ಕಚೇರಿ ಇದ್ದದ್ದು ಮಾರ್ಕೆಟ್ ಥಿಯೇಟರ್ ಇರುವ ಅದೇ ನ್ಯೂಟೌನ್‌ನಲ್ಲಿ. ವಾರಗಟ್ಟಲೆ ಅಲ್ಲೇ ಮಲಗಿದರು, ಅಲ್ಲೇ ಹಾಡಿದರು. ಹಣ ಯಾರಿಗೆ ಎಷ್ಟು ಹೋಯಿತು, ಲೆಕ್ಕ ತೋರಿಸಿ ಎಂಬುದು ಅವರ ಪಟ್ಟು.