ಅಮ್ಮನ ಹಳೇ ಕ್ಯಾಸೆಟ್ಟುಗಳು



ನನಗೆ ವಯಸ್ಸಾಯಿತೆಂದು ಮೊದಲು ತಿಳಿಸಿದ್ದು ಒಂದು ಹಾಡು. ಬೆಳ್ಳಗಾದ ಕೂದಲಿಗೆ ಬಣ್ಣ ಹಚ್ಚಬಹುದು, ಮಂಡಿನೋವಿಗೆ ಎಣ್ಣೆ ತಿಕ್ಕಬಹುದು. ಆದರೆ ಅಡಿಗೆಮನೆಯಲ್ಲಿ ತಾನಾಗಿಯೇ ಬಾಯಿಗೆ ಬರುವ ಹಾಡನ್ನು ಎಲ್ಲಿ ಬಚ್ಚಿಡೋಣ ಹೇಳಿ?

ಕಳೆದ ವರ್ಷದ ಒಂದು ಭಾನುವಾರ. ಡೊಂಬಿವಲಿಯ ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತ ನನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದೆ. ಐರೋಲಿಯಲ್ಲಿ ನೌಕರಿ ಮಾಡುವ ಮಗಳು ಹಲ್ಲುಜ್ಜುತ್ತಲೇ ಬಂದು, "ಅಮ್ಮಾ, ಇದು 'ಚೀನಿ ಕಮ್' ಹಾಡಲ್ವಾ? ನೀನೇ ಕನ್ನಡ ಶಬ್ದ ಸೇರಿಸ್ಕೊಂಡು ಹಾಡ್ತಿದ್ದೀಯಲ್ಲ!" ಎಂದಳು.

ನನಗೆ ನಗು, ಸಿಟ್ಟು ಎರಡೂ ಬಂದವು. ಕೈಯಲ್ಲಿ ಸೌಟು ಹಿಡಿದುಕೊಂಡೇ ಇತಿಹಾಸ ಹೇಳಿದೆ. ಅದು 1981ರಲ್ಲಿ ಶಂಕರ್‌ನಾಗ್ ಮಾಡಿದ 'ಗೀತಾ' ಚಿತ್ರದ ಯುಗಳಗೀತೆ. ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ರಾಗ ಕೂಡಿಸಿದ ಇಳಯರಾಜಾ ಅವರೇ 2007ರಲ್ಲಿ ಅದನ್ನು ಹಿಂದಿಗೆ ಕೊಂಡೊಯ್ದರು. ಮಗಳು ಬೆರಳು ಮಡಚಿ ಲೆಕ್ಕ ಹಾಕಿ, "ಅಯ್ಯೋ ಅಮ್ಮಾ, ನನಗಿಂತ ಈ ಹಾಡೇ ಹದಿನೈದು ವರ್ಷ ದೊಡ್ಡದು!" ಎಂದಳು. ಆ ಹಿಂದಿ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಅರವತ್ತನಾಲ್ಕರ ಪ್ರೇಮಿ. ಕನ್ನಡದಲ್ಲಿ ಅದನ್ನು ಮೊದಲು ಕೇಳಿದಾಗ ನಾನು ಹನ್ನೊಂದರ ಲಂಗದ ಹುಡುಗಿ. ಈಗ ಆ ಪ್ರೇಮಿಯ ವಯಸ್ಸಿಗೇ ಹತ್ತಿರವಾಗಿದ್ದೇನೆ! ಈ ಲೆಕ್ಕದಲ್ಲಿ ರವೆ ಸೀದುಹೋಯಿತು.

ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ್ದರಿಂದ ಶಬ್ದಗಳ ಹುಟ್ಟು ಹುಡುಕುವ ಚಟ ನನಗಿನ್ನೂ ಬಿಟ್ಟಿಲ್ಲ. ನೀವು ಮಾತುಮಾತಿಗೆ ಬಳಸುವ 'ನೊಸ್ಟಾಲ್ಜಿಯಾ' ಮೊದಲು ಒಂದು ಕಾಯಿಲೆಯ ಹೆಸರಾಗಿತ್ತು. ಊರು ಬಿಟ್ಟವರ ಕೊರಗಿಗೆ 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ಈ ಹೆಸರಿಟ್ಟ. 'ಮನೆಗೆ ಮರಳುವುದು', 'ನೋವು' ಎಂಬರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಮಾಡಿದ್ದು. ಪರದೇಶದ ಸೈನ್ಯದಲ್ಲಿ ದುಡಿಯುವ ಸ್ವಿಸ್ ಸಿಪಾಯಿಗಳು ತಮ್ಮೂರ ದನಗಾಹಿಗಳ ಹಾಡು ಕೇಳಿದರೆ ಅಳುತ್ತಿದ್ದರು, ಕೆಲಸ ಬಿಟ್ಟು ಓಡುತ್ತಿದ್ದರು. ಅದಕ್ಕಾಗಿ ಆ ಹಾಡನ್ನೇ ನಿಷೇಧಿಸಿದ್ದರು ಎಂದು ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಅದೇ ಹಾಡು ಬೇರೆ ದೇಶದವರನ್ನು ಏನೂ ಮಾಡುತ್ತಿರಲಿಲ್ಲವಂತೆ. ಹಾಡಿನ ಜೊತೆ ಬರುವ ನೆನಪಿಗೆ ಆ ಶಕ್ತಿ ಎಂದು ಅವನ ಮಾತು. ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಾಗಿ ಗ್ರೀಕ್ ಬೇಕಾಗಿರಲಿಲ್ಲ. 'ತವರು' ಎಂಬ ಮೂರಕ್ಷರ ಸಾಕಾಗಿತ್ತು.

ನನ್ನ ತವರು ಧಾರವಾಡ. ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆಕಾಶವಾಣಿಯಿಂದ. ಆಮೇಲೆ ಅಣ್ಣ ಟೇಪ್‌ರೆಕಾರ್ಡರ್ ತಂದ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟು 1978ರಲ್ಲಿ ಬಂದ ಮೇಲೆ ಭಾವಗೀತೆ ಮನೆಮನೆಗೂ ಬಂದಿತ್ತು. ನಮ್ಮ ಓಣಿಯ ಕಿಟಕಿಗಳಿಂದೆಲ್ಲ ಅದೇ ಹಾಡು. ಸುರುಳಿ ಸಡಿಲವಾದರೆ ಪೆನ್ಸಿಲ್ ತೂರಿಸಿ ಸುತ್ತಬೇಕು. ಬೇಕಾದ ಹಾಡು ಬರಬೇಕಾದರೆ ಬೇಡವಾದದ್ದನ್ನೂ ಕೇಳಬೇಕು.

ಆ ಕಾಲದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಮ್ಮವ್ವ ಚೆನ್ನಾಗಿ ಹಾಡುತ್ತಿದ್ದಳು. ಗೌರಿಯ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಎಲ್ಲವೂ ಅವಳ ಅವ್ವನಿಂದ ಬಾಯಿಪಾಠವಾಗಿ ಬಂದವು. ಅವಳು ಹಾಡಲು ಶುರುಮಾಡಿದರೆ ನಾನು ರೇಡಿಯೋ ದೊಡ್ಡದು ಮಾಡುತ್ತಿದ್ದೆ. ಒಮ್ಮೆ ಅಣ್ಣ ಅವಳನ್ನು ಒತ್ತಾಯದಿಂದ ಕೂರಿಸಿ ಒಂದು ಕ್ಯಾಸೆಟ್ಟು ತುಂಬ ಹಾಡಿಸಿದ. "ನನ್ನ ದನಿ ಯಾರ್ ಕೇಳ್ತಾರೋ, ಸುಮ್ನ ರೊಕ್ಕ ದಂಡ" ಎನ್ನುತ್ತಲೇ ಹಾಡಿದಳು. ಯಾರೂ ಅದರ ಮೇಲೆ ಮತ್ತೆ ತುಂಬಿಸಬಾರದೆಂದು ಅಣ್ಣ ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ತುಣುಕುಗಳನ್ನು ಮುರಿದಿಟ್ಟ. ಕಾಲೇಜಿಗೆ ಹೋಗುತ್ತಿದ್ದ ಜಾಣೆ ನಾನು! ಹೊಸ ಕ್ಯಾಸೆಟ್ಟಿಗೆ ದುಡ್ಡಿಲ್ಲದಾಗ ಆ ತೂತುಗಳ ಮೇಲೆ ಟೇಪು ಅಂಟಿಸಿ, ಅವ್ವನ ಹಾಡುಗಳ ಮೇಲೆಯೇ ಸಿನಿಮಾ ಹಾಡು ತುಂಬಿಸಿಕೊಂಡೆ. ಅವ್ವನಿಗೆ ಗೊತ್ತಾಯಿತು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

1993ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದಾಗ ಆ ಕ್ಯಾಸೆಟ್ಟೂ ನನ್ನ ಟ್ರಂಕಿನಲ್ಲಿ ಬಂತು. ಎರಡು ಸಿನಿಮಾ ಹಾಡುಗಳ ನಡುವೆ ಒಂದು ಕಡೆ ಅವ್ವನ ದನಿ ಉಳಿದಿತ್ತು. ಗಂಟಲು ಸರಿಮಾಡಿಕೊಂಡು ಒಂದು ಸಾಲು ಎತ್ತುತ್ತಾಳೆ, ಅಷ್ಟರಲ್ಲಿ ಸಿನಿಮಾದ ಪಿಟೀಲುಗಳು. ಅವ್ವ ಹೋದ ಮೇಲೆ ಆ ಎರಡು ಗಳಿಗೆಗಾಗಿಯೇ ಅದನ್ನು ಹಾಕುತ್ತಿದ್ದೆ.

2005ರ ಜುಲೈ 26 ನಿಮ್ಮಲ್ಲಿ ಕೆಲವರಿಗೆ ಮಬ್ಬಾಗಿ ನೆನಪಿರಬಹುದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಕಲ್ಯಾಣ, ಬದ್ಲಾಪುರದ ಕಡೆಯೂ ಊರೆಲ್ಲ ನೀರು. ನಮ್ಮದು ಆಗ ನೆಲಮಹಡಿಯ ಮನೆ. ಮಕ್ಕಳನ್ನೂ ಗ್ಯಾಸ್ ಸಿಲಿಂಡರನ್ನೂ ಮೇಲಿನ ಮನೆಯ ಮರಾಠಿ ಕಾಕೂ ಹತ್ತಿರ ಸಾಗಿಸಿದೆವು. ಮಂಚದ ಕೆಳಗಿನ ಟ್ರಂಕು ಯಾರಿಗೂ ನೆನಪಾಗಲಿಲ್ಲ. ಮೂರನೆಯ ದಿನ ತೆರೆದು ನೋಡಿದರೆ ಕ್ಯಾಸೆಟ್ಟುಗಳೊಳಗೆಲ್ಲ ಕೆಸರು.

2020ರ ಸೆಪ್ಟೆಂಬರ್ 25ರಂದು ಎಸ್.ಪಿ.ಬಿ. ತೀರಿಕೊಂಡ ಸುದ್ದಿ ಬಂದಾಗ ನಾನು ಅತ್ತದ್ದು ನೋಡಿ ಮಕ್ಕಳು ಗಾಬರಿಯಾದರು. ಕೊರೋನಾ ಕಾಲ, ಹೊರಗೆ ಹೋಗಿ ಯಾರೊಡನೆಯೂ ಮಾತಾಡುವಂತಿರಲಿಲ್ಲ. ಹಾಡಿದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ನಾಳೆ ಈ ಮನೆಯಲ್ಲಿ ಈ ಹಾಡು ಗುರುತಿಸುವವರು ಯಾರು ಎಂಬ ಚಿಂತೆಯೂ ಆ ಅಳುವಿನಲ್ಲಿ ಸೇರಿತ್ತು.

ಆದರೆ ಆಮೇಲೆ ಓದಿದ ಒಂದು ಸಂಗತಿ ನನಗೆ ಸಮಾಧಾನ ಕೊಟ್ಟಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸ್‌ಲ್ ಎಂಬ ವಿದುಷಿ 2013ರಲ್ಲಿ ಪ್ರಕಟಿಸಿದ ಅಧ್ಯಯನವದು. ಸುಮಾರು ಇಪ್ಪತ್ತು ವರ್ಷದ ಹುಡುಗ ಹುಡುಗಿಯರಿಗೆ 1955ರಿಂದ 2009ರ ತನಕದ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಮ್ಮ ಕಾಲದ ಹಾಡುಗಳು ಅವರಿಗೆ ಆಪ್ತವಾಗಿದ್ದವು, ಅದು ಸರಿ. ಆದರೆ 1980ರ ಸುಮಾರಿನ, ಅಂದರೆ ಅವರ ತಂದೆತಾಯಿ ಎಳೆಯರಾಗಿದ್ದ ಕಾಲದ ಹಾಡುಗಳೊಂದಿಗೂ ಅವರಿಗೆ ಗಾಢವಾದ ನೆನಪುಗಳು ಬೆಸೆದುಕೊಂಡಿದ್ದವು! ಮನೆಯಲ್ಲಿ ಹಿರಿಯರು ಹಾಕುವ ಹಾಡು ಮಕ್ಕಳೊಳಗೆ ಸದ್ದಿಲ್ಲದೆ ಇಳಿದಿರುತ್ತದೆ.

ಇದು ಅಮೆರಿಕದ ಮಾತು, ನಮ್ಮ ಡೊಂಬಿವಲಿಗೇನು ಎನ್ನುತ್ತೀರಾ? ಕಳೆದ ದೀಪಾವಳಿಯಲ್ಲಿ ಮಗಳು ಹಣತೆಗೆ ಎಣ್ಣೆ ಹಾಕುತ್ತ ಏನೋ ಗುನುಗುತ್ತಿದ್ದಳು. ಕೈ ನಿಲ್ಲಿಸಿ ಕೇಳಿದೆ. ಶಬ್ದಗಳು ಅರ್ಧ ಕನ್ನಡ, ಅರ್ಧ ಏನೇನೋ. ರಾಗ ಮಾತ್ರ ತಪ್ಪಿರಲಿಲ್ಲ. "ಯಾವ ಹಾಡೇ ಅದು?" ಎಂದರೆ, "ಗೊತ್ತಿಲ್ಲಮ್ಮಾ, ನಾ ಸಣ್ಣವಳಿದ್ದಾಗ ಪಾತ್ರೆ ತಿಕ್ಕುವಾಗ ನೀ ಅಂತಿದ್ದೆಯಲ್ಲ" ಎಂದಳು.

ಅದು ಆ ಕ್ಯಾಸೆಟ್ಟಿನಲ್ಲಿ ಅವ್ವ ಎತ್ತಿ, ನಾನು ಪಿಟೀಲುಗಳಲ್ಲಿ ಮುಳುಗಿಸಿದ ಸಾಲು. ನಾನು ಅದನ್ನು ಹಾಡಿಕೊಳ್ಳುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅಂದು ರಾತ್ರಿ ಇಬ್ಬರೂ ಕೂತು ಧಾರವಾಡದ ಅತ್ತಿಗೆಗೆ ಫೋನು ಮಾಡಿ ಇನ್ನೆರಡು ಸಾಲು ಸಂಪಾದಿಸಿದೆವು. ಮುಂದಿನದು ಅವರಿಗೂ ಬರಲಿಲ್ಲ.

ಆದ್ದರಿಂದ ಥಾಣೆ, ಕಲ್ಯಾಣ, ನವಿಮುಂಬಯಿಯ ನನ್ನ ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಅಮ್ಮ ಅಡಿಗೆಮನೆಯಲ್ಲಿ ಏನನ್ನಾದರೂ ಗುನುಗಿದರೆ ಕಿವಿಯ ಇಯರ್‌ಫೋನ್ ತೆಗೆದು, "ಅದು ಯಾವ ಹಾಡು? ಯಾರು ಕಲಿಸಿದರು?" ಎಂದು ಕೇಳಿ. ಅಜ್ಜಿ ಇದ್ದರೆ ಇಂದೇ ಕೇಳಿ. "ನನ್ನ ದನಿ ಯಾರಿಗೆ ಬೇಕು" ಎಂದು ಅವರು ಅಂದೇ ಅನ್ನುತ್ತಾರೆ; ನಂಬಬೇಡಿ. ಅಣ್ಣ ಟೇಪ್‌ರೆಕಾರ್ಡರ್ ಹೊತ್ತು ತರಬೇಕಾಗಿತ್ತು. ನಿಮ್ಮ ಜೇಬಿನಲ್ಲೇ ಫೋನಿದೆ. ಹಾಡಿಸಿ, ತುಂಬಿಸಿಕೊಂಡು, ಎರಡು ಕಡೆ ಇಡಿ.

ಜಾಗ ಸಾಲದೆಂದು ಮಾತ್ರ ಅದನ್ನು ಅಳಿಸಬೇಡಿ.