ಸೀಳುತುಟಿಯ ಕೂಸು: ತಪ್ಪು ತಾಯಿಯದಲ್ಲ

ಗ್ರಹಣದ ಹೊತ್ತಿನಲ್ಲಿ ಬಸುರಿ ಹೆಂಗಸು ಈಳಿಗೆಮಣೆ ಮುಟ್ಟಿದರೆ ಹುಟ್ಟುವ ಮಗುವಿನ ತುಟಿ ಸೀಳುತ್ತದೆ. ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದೀರಿ ಹೇಳಿ? ನಾನಂತೂ ಬಸುರಿಯಾಗಿದ್ದಾಗ ಗ್ರಹಣ ಬಿಡುವವರೆಗೂ ಕೈಕಟ್ಟಿ ಕುಳಿತವಳೇ.

2020ರ ಮಾರ್ಚ್ ನಡುವಿನಲ್ಲಿ ನನ್ನ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಮೇಲ್ತುಟಿಯ ಎಡಭಾಗ ಮೂಗಿನ ಹೊಳ್ಳೆಯವರೆಗೆ ಸೀಳಿತ್ತು. ನೋಡಲು ಬಂದವರು ಮಗುವಿಗಿಂತ ತಾಯಿಯನ್ನೇ ಹೆಚ್ಚು ನೋಡಿದರು. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣವಾಗಿತ್ತಲ್ಲ, ಕೊಡಗು, ಮಂಗಳೂರಿನ ಕಡೆ ಬಳೆಯ ಹಾಗೆ ಕಾಣಿಸಿತ್ತು. ಆ ಬೆಳಿಗ್ಗೆ ಇವಳು ಗಂಡನ ಡಬ್ಬಿಗೆಂದು ಎರಡು ಬದನೆಕಾಯಿ ಹೆಚ್ಚಿದ್ದಳಂತೆ. ಸರಿ, ಅತ್ತೆಮನೆಯಲ್ಲಿ ತೀರ್ಪು ಆಗಿಹೋಯಿತು. ನಾನು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಮನಸ್ಸಿನಲ್ಲಿ ಅಂದುಕೊಂಡೆ. ಮುಚ್ಚಿಡುವುದೇಕೆ?

ನನ್ನ ಬಾಯಿ ಮುಚ್ಚಿಸಿದವರು ಮಕ್ಕಳ ಡಾಕ್ಟರಮ್ಮ. "ತಿಂಗಳು ಎಣಿಸಿ ನೋಡಿ" ಎಂದರು. ಹೊಟ್ಟೆಯಲ್ಲಿ ಕೂಸಿನ ಮುಖ ಬೇರೆ ಬೇರೆ ಭಾಗಗಳಾಗಿ ಬೆಳೆದು, ನಡುವೆ ಬಂದು ಕೂಡುತ್ತದೆ. ತುಟಿ ಕೂಡುವುದು ನಾಲ್ಕರಿಂದ ಏಳನೇ ವಾರದಲ್ಲಿ. ಮುಟ್ಟು ನಿಂತಿತಲ್ಲಾ ಎಂದು ನಾವು ಅನುಮಾನಪಡುವ ಹೊತ್ತಿಗೆ! ಲೆಕ್ಕ ಹಾಕಿದರೆ ಈ ಮಗುವಿನ ತುಟಿ ಆ ವರ್ಷದ ಆಷಾಢ ಮುಗಿದು ಶ್ರಾವಣ ಹುಟ್ಟುವ ಹೊತ್ತಿಗೇ ಸೀಳಿತ್ತು. ಡಿಸೆಂಬರಿನ ಬದನೆಕಾಯಿ ಏನು ಮಾಡೀತು?

ಹಾಗಾದರೆ ಯಾಕೆ ಆಗುತ್ತದೆ? ಬಹಳ ಮಕ್ಕಳಲ್ಲಿ ಇಂಥದ್ದೇ ಎಂದು ಬೊಟ್ಟು ಮಾಡಲು ಬರುವುದಿಲ್ಲ. ವಂಶದಲ್ಲಿ ಬಂದಿರಬಹುದು. ಬಸುರಿಯಲ್ಲಿ ಫೋಲಿಕ್ ಆಸಿಡ್ ಕೊರತೆ, ಬೀಡಿ ಸಿಗರೇಟಿನ ಹೊಗೆ, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಸಂಭವ ಹೆಚ್ಚು. (ಫಿಟ್ಸ್ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಮಗು ಬೇಕೆನ್ನುವ ಮುಂಚೆಯೇ ಡಾಕ್ಟರನ್ನು ಕೇಳಿ.) ಸುಮಾರು ಏಳುನೂರು ಮಕ್ಕಳಲ್ಲಿ ಒಂದಕ್ಕೆ ತುಟಿಯೋ ಅಂಗುಳವೋ ಸೀಳಿರುತ್ತದೆ.

ಮೊದಲ ಚಿಂತೆ ಹಾಲಿನದು. ತುಟಿಯಷ್ಟೇ ಸೀಳಿದ್ದರೆ ಎಷ್ಟೋ ಮಕ್ಕಳು ಎದೆಹಾಲನ್ನೇ ಕುಡಿಯುತ್ತವೆ. ನಮ್ಮ ಕೂಸೂ ಕುಡಿಯಿತು. ಅಂಗುಳವೂ ಸೀಳಿದ್ದರೆ ಚೀಪಲು ಆಗುವುದಿಲ್ಲ, ಹಾಲು ಮೂಗಿನಲ್ಲಿ ಬರುತ್ತದೆ. ಆಗ ಎದೆಹಾಲು ಹಿಂಡಿ, ಮಗುವನ್ನು ಮಲಗಿಸದೆ ತಲೆ ಎತ್ತರಿಸಿ ಹಿಡಿದು, ನಮ್ಮ ಹಳೆಯ ಒಳಲೆಯಲ್ಲೇ ಸ್ವಲ್ಪಸ್ವಲ್ಪ ಕುಡಿಸಬಹುದು. ಇಂಥ ಮಕ್ಕಳು ಗಾಳಿ ಹೆಚ್ಚು ನುಂಗುತ್ತವೆ, ಆಗಾಗ ತೇಗಿಸಬೇಕು.

ತುಟಿಯ ಆಪರೇಷನ್‌ಗೆ ಹಿಂದಿನಿಂದಲೂ ಹತ್ತರ ಲೆಕ್ಕವಿದೆ: ಹತ್ತು ವಾರ ವಯಸ್ಸು, ಹತ್ತು ಪೌಂಡು ತೂಕ (ಅಂದರೆ ನಾಲ್ಕೂವರೆ ಕೆ.ಜಿ.), ರಕ್ತದಲ್ಲಿ ಹಿಮೋಗ್ಲೋಬಿನ್ ಹತ್ತು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಮಾಡುತ್ತಾರೆ. ಅಂಗುಳದ್ದು ಆಮೇಲೆ, ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ. ಅದನ್ನು ಮುಂದೂಡಿದರೆ ಮಾತು ಮೂಗಿನಲ್ಲಿ ನಿಂತುಬಿಡುತ್ತದೆ. ನಮ್ಮ ಮಗುವಿಗೆ ಲಾಕ್‌ಡೌನಿನಿಂದ ತಡವಾಗಿ, ಅಕ್ಟೋಬರಿನಲ್ಲಿ ಏಳು ತಿಂಗಳಾದಾಗ ಆಯಿತು. ತುಟಿಯನ್ನು ದೊಡ್ಡವರಾದ ಮೇಲೂ ಸರಿಪಡಿಸುತ್ತಾರೆ, ಹೊತ್ತು ಮೀರಿತೆಂದು ಕೈಚೆಲ್ಲಬೇಡಿ.

ರವಿಕೆ ಹೊಲಿಯುವವರಿಗೆ ಈ ಆಪರೇಷನ್ ಬೇಗ ಅರ್ಥವಾಗುತ್ತದೆ. ಸೀಳಿನ ಎರಡು ಅಂಚನ್ನು ನೇರವಾಗಿ ಸೇರಿಸಿ ಹೊಲಿದರೆ, ಗಾಯ ಮಾಯುವಾಗ ಹೊಲಿಗೆ ಮುದುಡಿ ತುಟಿ ಮೇಲಕ್ಕೆ ಜಗ್ಗುತ್ತದೆ. ಅದಕ್ಕೇ ಒಂದು ಕಡೆಯ ತುಣುಕನ್ನು ತಿರುಗಿಸಿ ಕೆಳಗಿಳಿಸಿ, ಇನ್ನೊಂದು ಕಡೆಯದನ್ನು ಮುಂದೆ ತಂದು ಆ ಜಾಗದಲ್ಲಿ ಕೂಡಿಸುತ್ತಾರೆ. ಇದನ್ನು ಅಮೆರಿಕದ ಸರ್ಜನ್ ರಾಲ್ಫ್ ಮಿಲಾರ್ಡ್ 1955ರಲ್ಲಿ ಸ್ಟಾಕ್‌ಹೋಮಿನ ಸಮ್ಮೇಳನದಲ್ಲಿ ವಿವರಿಸಿದರು. ಚರ್ಮ, ಬಾಯಿಯ ಸುತ್ತಲಿನ ಸ್ನಾಯು, ಒಳಪೊರೆ ಮೂರನ್ನೂ ಬೇರೆ ಬೇರೆಯಾಗಿ ಹೊಲಿಯಬೇಕು. ಮಗುವಿಗೆ ಪೂರ್ತಿ ಎಚ್ಚರ ತಪ್ಪಿಸಿಯೇ ಮಾಡುವುದರಿಂದ ನೆಗಡಿ, ಜ್ವರವಿದ್ದರೆ ಮುಂದೆ ಹಾಕುತ್ತಾರೆ.

ಇನ್ನು ಕಲೆಯ ವಿಚಾರ. ಹೊಲಿಗೆ ಬಿಚ್ಚಿದಾಗ ಚೆನ್ನಾಗಿದ್ದ ತುಟಿ ಒಂದೆರಡು ತಿಂಗಳಲ್ಲಿ ಕೆಂಪಾಗಿ, ಗಟ್ಟಿಯಾಗಿ, ಮೇಲಕ್ಕೆ ಎಳೆದಂತಾಯಿತು. ಇವಳು ಫೋನಿನಲ್ಲಿ "ಚಿಕ್ಕಮ್ಮ, ಆಪರೇಷನ್ ಕೆಟ್ಟುಹೋಯ್ತು" ಅಂತ ಅತ್ತಳು. ಕೆಟ್ಟಿರಲಿಲ್ಲ. ಕಲೆ ಹಾಗೇ ಗಟ್ಟಿಯಾಗಿ, ಆಮೇಲೆ ಮೆತ್ತಗಾಗುತ್ತ ಬಣ್ಣ ಕಳೆದುಕೊಳ್ಳಲು ಒಂದು ವರ್ಷವಾದರೂ ಬೇಕು. ಗಾಯ ಪೂರ್ತಿ ಒಣಗಿ ಡಾಕ್ಟರು ಸೈ ಎಂದ ಮೇಲೆ, ತೊಳೆದ ಬೆರಳಿನಿಂದ ಕಲೆಯನ್ನು ಒತ್ತಿ ತೀಡಬೇಕು, ದಿನಕ್ಕೆ ಮೂರು ನಾಲ್ಕು ಸಲ, ಕೆಲವೇ ನಿಮಿಷ. ಬರೀ ಸವರಿದರೆ ಸಾಲದು. ಸಿಲಿಕೋನ್ ಜೆಲ್ಲನ್ನೂ ಕೆಲವರಿಗೆ ಬರೆದುಕೊಡುತ್ತಾರೆ. ಹೊಸ ಕಲೆಗೆ ಬಿಸಿಲು ತಾಕಿದರೆ ಕಪ್ಪಾಗುತ್ತದೆ, ಟೋಪಿ ಹಾಕಿ. ಹಸಿ ಗಾಯಕ್ಕೆ ಅರಿಶಿನ, ವಿಭೂತಿ ಏನೂ ಬೇಡ, ಅಜ್ಜಿಯರು ಕೋಪಿಸಿಕೊಂಡರೂ ಚಿಂತೆಯಿಲ್ಲ. ಕಲೆ ಪೂರ್ತಿ ಮಾಯವಾಗುತ್ತದೆ ಎಂದು ಯಾರಾದರೂ ಮುಲಾಮು ಮಾರಿದರೆ ನಂಬಬೇಡಿ, ಸಣ್ಣ ಗೆರೆ ಉಳಿಯುತ್ತದೆ. ತುಟಿ ಓರೆಯಾಗಿ ಕಂಡರೆ ಶಾಲೆಗೆ ಸೇರಿಸುವ ಮುಂಚೆ ಇನ್ನೊಮ್ಮೆ ತಿದ್ದಿಸಬಹುದು.

ಖರ್ಚಿಗೆ ಹೆದರಿ ಮಗುವನ್ನು ಒಳಕೋಣೆಯಲ್ಲಿ ಬಚ್ಚಿಡುವವರು ಈಗಲೂ ಇದ್ದಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿಗೆ ಉಚಿತ ಚಿಕಿತ್ಸೆ ಇದೆ, ಅಂಗನವಾಡಿಯಲ್ಲಿ ವಿಚಾರಿಸಿ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿರುವ ಆಸ್ಪತ್ರೆಗಳಲ್ಲೂ ಹಣ ಕೇಳುವುದಿಲ್ಲ.

ಈಗ ಆ ಹುಡುಗಿ ಶಾಲೆಗೆ ಹೋಗುತ್ತಾಳೆ. ಮೊನ್ನೆ ತಾನು ಪಾಪು ಆಗಿದ್ದಾಗಿನ ಫೋಟೋ ತೋರಿಸು ಎಂದು ಹಟ ಹಿಡಿದಳು. ನಾಮಕರಣದಲ್ಲಿ ನಾವ್ಯಾರೂ ಒಂದು ಫೋಟೋ ತೆಗೆದಿರಲಿಲ್ಲ. ಇರುವುದೊಂದೇ, ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯವರು ಫೈಲಿಗೆಂದು ತೆಗೆದದ್ದು. ಅದನ್ನೇ ತೋರಿಸಿದಳು ತಾಯಿ.